ಎಡಗಡೆ ಸೀಟಿನ ಜುಂ

ಮೊನ್ನೆ ಲಟ್ಟಣಿಗೆ ಹುಡುಕಲೆಂದು ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದರೆ ಕೈಗೆ ಸ್ಟೆತಾಸ್ಕೋಪ್ ಬಂತು. ನಮ್ಮ ಮನೆಯಲ್ಲಿ ಡಾಕ್ಟರು ಯಾರೂ ಇಲ್ಲ. ನಮ್ಮ ಕುಟುಂಬದಲ್ಲಿ ವೈದ್ಯಕ್ಕೆ ತೀರ ಹತ್ತಿರ ಹೋದವರೆಂದರೆ ಕಾಂಪೌಂಡರ್ ಆಗಿದ್ದ ನನ್ನ ಸೋದರಮಾವ. ಅವರಿಗೂ ರಕ್ತ ಕಂಡರೆ ತಲೆ ತಿರುಗುತ್ತಿತ್ತು.

ಇದು ಮನುಷ್ಯರ ಸ್ಟೆತಾಸ್ಕೋಪ್ ಅಲ್ಲ ಬಿಡಿ. ಎದೆಗಿಡುವ ಬಿಲ್ಲೆಯ ಜಾಗದಲ್ಲಿ ಸ್ವೆಟರ್ ಹೆಣೆಯುವ ಕಡ್ಡಿಯಂಥ ಒಂದು ಉಕ್ಕಿನ ಸರಳು ಇದೆ. ಅದನ್ನು ಇಂಜಿನ್ನಿಗೆ ತಾಗಿಸಿ ನಳಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡರೆ ಒಳಗಿನ ಸಂಸಾರವೆಲ್ಲ ಕೇಳಿಸುತ್ತದೆ. ಕಲ್ಯಾಣದ ಒಬ್ಬ ಗ್ಯಾರೇಜಿನವನು ನನ್ನ ಉಪದ್ರ ತಾಳಲಾರದೆ, "ಅಂಕಲ್, ಅಬ್ ಆಪ್ ಹೀ ಸುನ್ ಲೋ," ಇನ್ನು ನೀವೇ ಕೇಳಿಕೊಳ್ಳಿ, ಎಂದು ಕೊಟ್ಟುಬಿಟ್ಟದ್ದು. ಯಾವ ಗಾಡಿಗಾಗಿ ಕೊಟ್ಟನೋ ಆ ಗಾಡಿ ಈಗ ನಮ್ಮಲ್ಲಿಲ್ಲ. ಸ್ಟೆತಾಸ್ಕೋಪ್ ಮಾತ್ರ ಲಟ್ಟಣಿಗೆ, ಈಳಿಗೆಮಣೆಗಳ ಜೊತೆ ಹೊಂದಿಕೊಂಡು ಹಾಯಾಗಿದೆ.

ಗಾಡಿ ಎಂದರೆ ಸ್ಪೋರ್ಟ್ಸ್ ಕಾರು. ನಗಬೇಡಿ. ಡೊಂಬಿವಲಿಯಲ್ಲಿ ಸ್ಪೋರ್ಟ್ಸ್ ಕಾರು ಇಡುವುದೆಂದರೆ ಬಚ್ಚಲಮನೆಯಲ್ಲಿ ಕುದುರೆ ಕಟ್ಟಿದ ಹಾಗೆ ಎಂದು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಆಗಲೇ ಹೇಳಿಯಾಗಿದೆ. ನಾನೇನೂ ಆ ಗಾಡಿಗೆ ತಕ್ಕ ಮನುಷ್ಯನಲ್ಲ. ಉಡುಪಿಯ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದವನು. ಕಲ್ಯಾಣದಿಂದ ಠಾಣೆಯವರೆಗಿನ ಹೋಟೆಲುಗಳಿಗೆ ಹಿಟ್ಟು ರುಬ್ಬುವ ಗ್ರೈಂಡರ್ ಮಾರುವುದು, ಕೆಟ್ಟರೆ ರಿಪೇರಿ ಮಾಡುವುದು, ಇಷ್ಟರಲ್ಲೇ ತಲೆ ನರೆತಿದೆ. ಠಾಣೆಯ ಒಬ್ಬ ಹೋಟೆಲ್ ಧಣಿಯ ಮಗ ಎರಡೇ ಸೀಟಿನ ಈ ಕಾರನ್ನು ಆಸೆಪಟ್ಟು ತಂದಿದ್ದ. ಮಗು ಹುಟ್ಟಿದ ಮೇಲೆ ಅವನ ಹೆಂಡತಿ, "ಇದನ್ನು ಎಲ್ಲಿ ಕೂರಿಸುವುದು, ಡಿಕ್ಕಿಯಲ್ಲಾ?" ಎಂದು ಕೇಳಿದಳಂತೆ. ಅಂದಿನಿಂದ ಗಾಡಿ ಹೋಟೆಲಿನ ಹಿಂದೆ ಎಣ್ಣೆ ಡಬ್ಬಗಳ ಪಕ್ಕದಲ್ಲಿ ತಾಡಪಾಲು ಹೊದ್ದು ನಿಂತಿತ್ತು. ಗ್ರೈಂಡರ್ ನೋಡಲು ಹೋದಾಗಲೆಲ್ಲ ನಾನು ತಾಡಪಾಲಿನ ಅಂಚು ಎತ್ತಿ ಇಣುಕುತ್ತಿದ್ದೆ. ಅರಿಶಿನದ ಬಣ್ಣ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಒಂದು ದಿನ ಧಣಿಗಳೇ ಹೇಳಿದರು, "ಬೇಕಾದರೆ ತಕೊಂಡು ಹೋಗಿ ಮಾರಾಯ್ರೆ. ಇಲ್ಲಿ ಅದರೊಳಗೆ ಬೆಕ್ಕು ಮರಿ ಹಾಕ್ತಾ ಉಂಟು."

ಚಿಕ್ಕಂದಿನಲ್ಲಿ ನನಗೆ ಬೆಂಕಿಪೊಟ್ಟಣದ ಚಿತ್ರ ಸಂಗ್ರಹಿಸುವ ಹುಚ್ಚಿತ್ತು. ಬೀಡಿ ಸೇದುವವರ ಹಿಂದೆ ನಾಯಿಮರಿಯ ಹಾಗೆ ಅಲೆಯುತ್ತಿದ್ದೆ. ಪೊಟ್ಟಣ ಖಾಲಿಯಾಗುವುದನ್ನೇ ಕಾಯುತ್ತಿದ್ದೆ. ಹುಲಿ, ಕಮಲ, ಬೀಗದ ಕೈ ಎಲ್ಲ ಇದ್ದವು. ಒಂದರಲ್ಲಿ ಮಾತ್ರ ಮೇಲ್ಛಾವಣಿ ಇಲ್ಲದ ಒಂದು ಕಾರು, ಅದರಲ್ಲಿ ಒಬ್ಬ ಗಂಡಸು, ಪಕ್ಕದಲ್ಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡ ಒಬ್ಬಳು ಹೆಂಗಸು. ಹಿಂದೆ ಯಾರೂ ಇಲ್ಲ. ನಮ್ಮೂರಿನ ಬಸ್ಸಿನಲ್ಲಿ ಕೋಳಿಯನ್ನೂ ಸೇರಿಸಿ ನೂರು ಜೀವ ತುಂಬುತ್ತಿದ್ದ ಕಾಲ ಅದು. ಇಬ್ಬರೇ ಇಬ್ಬರಿಗೆ ಒಂದು ಗಾಡಿ ಎಂಬುದು ನನಗೆ ಅರ್ಥವೇ ಆಗಿರಲಿಲ್ಲ.

ಅರ್ಥವಾದದ್ದು ಮದುವೆಯಾಗಿ ಲೋಕಲ್ ಟ್ರೇನಿನ ಪಾಲಾದ ಮೇಲೆ. ಹೆಂಡತಿ ಗಿರಿಜಾ ಬಾಗಲಕೋಟೆ ಕಡೆಯವಳು. ಅವಳ ಅಪ್ಪ ನೌಕರಿಗಾಗಿ ಡೊಂಬಿವಲಿಗೆ ಬಂದು ನೆಲೆಸಿದ್ದರು. ನಾವಿಬ್ಬರೂ ಎಲ್ಲಿಗೆ ಹೊರಟರೂ ಜೊತೆ ಸ್ಟೇಷನ್ನಿನವರೆಗೆ ಮಾತ್ರ. ಅಲ್ಲಿಂದ ಅವಳು ಲೇಡೀಸ್ ಡಬ್ಬಿಗೆ, ನಾನು ಗಂಡಸರ ನೂಕುನುಗ್ಗಲಿಗೆ. ಇಳಿದ ಮೇಲೆ ಟ್ರೇನಿನ ಹೊತ್ತು ತೋರಿಸುವ ಇಂಡಿಕೇಟರಿನ ಕೆಳಗೆ ಒಬ್ಬರಿಗೊಬ್ಬರು ಕಾಯುವುದು. ಮದುವೆ, ಮುಂಜಿ, ಆಸ್ಪತ್ರೆ, ಗಣಪತಿ ನೋಡುವುದು, ಎಲ್ಲಕ್ಕೂ ಹೀಗೆಯೇ ಬೇರೆ ಬೇರೆ ಹೋಗಿ ಒಟ್ಟಿಗೆ ತಲುಪಿದವರು ನಾವು. ಒಮ್ಮೆ ಇಂಡಿಕೇಟರಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಗಿರಿಜಾ ಹೇಳಿದ್ದಳು, "ಒಮ್ಮೆರೆ ನಿಮ್ಮ ಬಾಜೂಕ ಕುಂತು, ಮಾತಾಡಕೋತ ದೂರ ಹೋಗಬೇಕ್ರೀ." ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಗಾಡಿ ತಂದದ್ದು ಆ ಒಂದು ಪಯಣಕ್ಕೆ. ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಲ್ಲಿ, ಸಂಜೆ ಹೊತ್ತಿಗೆ, ಅವಳು ಎಡಗಡೆ, ನಾನು ಬಲಗಡೆ, ನಡುವೆ ಯಾರೂ ಇಲ್ಲ.

ತಂದ ಮರುದಿನವೇ ನಿಂಬೆಹಣ್ಣು ಹಿಸುಕಿ, ಕಾಯಿ ಒಡೆದು ಹೊರಟೆವು. ಗಿರಿಜಾ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಆ ಗಾಡಿಯೊಳಗೆ ಕೂರುವುದೆಂದರೆ ಏರುವುದಲ್ಲ, ನಿಜವಾಗಿಯೂ ಇಳಿಯುವುದೇ. ನೆಲದ ಮೇಲೆ ಚಾಪೆ ಹಾಕಿ ಕಾಲು ಚಾಚಿ ಕೂತಂತೆ ಇರುತ್ತದೆ. ಪಕ್ಕದಲ್ಲಿ ಬಂದ ರಿಕ್ಷಾದ ಚಕ್ರ ನಮ್ಮ ಮುಖಕ್ಕೆ ಸಮವಾಗಿ ಕಾಣುತ್ತಿತ್ತು. ಆದರೂ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಸ್ಟೇಷನ್ ರಸ್ತೆ ದಾಟಿ ಶೀಳ್ ರಸ್ತೆಯ ಗುಂಡಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದಾಗ ಗಿರಿಜಾ ನನ್ನ ಮೊಣಕೈ ಹಿಡಿದಳು.

"ರೀ, ನಿಂದ್ರಸ್ರಿ. ಎಡಗಡಿ ಜುಂ ಅನ್ನಾಕತ್ತೈತಿ."

"ಎಂತ ಜುಂ?"

"ಕರೆಂಟಿನಂಗ. ಜುಂ... ಅಂತೈತಿ."

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವು ನನ್ನನ್ನು ತೀರ ದಡ್ಡ ಎಂದುಕೊಳ್ಳುತ್ತೀರಿ. ನನ್ನ ಅನ್ನ ಸದ್ದಿನಿಂದ ಬಂದದ್ದು. ಹೋಟೆಲಿನವರು ಗ್ರೈಂಡರ್ ಕೆಟ್ಟಾಗ ಫೋನು ಮಾಡಿ ಕಾಯಿಲೆ ಹೇಳುವುದು ಸದ್ದಿನಲ್ಲೇ. "ಕರಕರ ಹೇಳ್ತಾ ಉಂಟು" ಎಂದರೆ ಬೇರಿಂಗ್ ಹೋಗಿದೆ. "ಟಪ್ ಟಪ್" ಎಂದರೆ ಬೆಲ್ಟ್. "ಜುಂ ಹೇಳ್ತಾ ಉಂಟು, ತಿರುಗುದಿಲ್ಲ" ಎಂದರೆ ಕಣ್ಣು ಮುಚ್ಚಿ ಕೆಪಾಸಿಟರ್ ಬದಲಿಸಬಹುದು. ಊರಿನಲ್ಲಿದ್ದಾಗಲೂ ಅಷ್ಟೆ, ಮೋರಿಯ ಮೇಲೆ ಕುಳಿತು ತಿರುವಿನಾಚೆಯ ಬಸ್ಸು ಯಾವುದೆಂದು ಸದ್ದಿನಲ್ಲೇ ಹೇಳಿ ಗೆಳೆಯರಿಂದ ಪೆಪ್ಪರ್‌ಮಿಂಟು ಗೆಲ್ಲುತ್ತಿದ್ದೆ. ಅಂಥವನ ಮುಂದೆ ಕರೆಂಟು, ಜುಂ ಎಂಬ ಎರಡು ಶಬ್ದ ಒಟ್ಟಿಗೆ ಬಿದ್ದರೆ ಬೇರೆ ಯೋಚನೆ ಎಲ್ಲಿಂದ ಬರಬೇಕು?

ಗಾಡಿ ನಿಲ್ಲಿಸಿ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಗಿರಿಜಾ ಬಾಗಿಲು ತೆರೆದು, ನನ್ನ ಕೈ ಹಿಡಿದು ಕಷ್ಟಪಟ್ಟು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. "ಇದು ಕಮ್ಮಿ ಆಗೂಮಟಾ ನಾ ಇದರಾಗ ಕುಂದ್ರಂಗಿಲ್ಲ" ಎಂದಳು. ರಿಕ್ಷಾ ಹತ್ತಿ ಮನೆಗೆ ಹೋದಳು. ನಾನು ಒಬ್ಬನೇ, ಎಡಗಡೆ ಖಾಲಿ ಸೀಟು ಇಟ್ಟುಕೊಂಡು ವಾಪಸು ಬಂದೆ. ಅಳು ಬರುವುದೊಂದು ಬಾಕಿ.

ಅಂದಿನಿಂದ ಶುರುವಾಯಿತು ನನ್ನ ತಪಾಸಣೆ. ಕಾಯಿಲೆ ಹಿಡಿಯಬೇಕಾದರೆ ಮೊದಲು ಲಕ್ಷಣ ಕೇಳಬೇಕು. ಗಿರಿಜಾ ರೊಟ್ಟಿ ಬಡಿಯುತ್ತಿದ್ದಾಗ ಕಟ್ಟೆಯ ಪಕ್ಕ ನಿಂತು ವಿಚಾರಣೆ ಮಾಡಿದೆ.

"ಆ ಜುಂ, ಕೂತ ಕೂಡಲೇ ಶುರು ಆಗುದಾ?"

"ಇಲ್ಲ. ಒಂದೀಟು ಹೊತ್ತಾದ ಮ್ಯಾಲ."

"ಗಾಡಿ ನಿಂತಾಗಲೂ ಉಂಟಾ?"

"ನಿಂತ್ರೇನು, ಓಡಿದ್ರೇನು? ಕುಂತ್ರ ಬರತೈತಿ, ಎದ್ರ ಬಿಡತೈತಿ."

"ಗುಂಡಿಗೆ ಬಿದ್ದಾಗ?"

"ಗುಂಡ್ಯಾಗ ಬಿದ್ರಂತೂ ಚಳಕ್ ಅಂತೈತಿ ನೋಡ್ರಿ, ಜೀವ ಹೋದಂಗ."

"ಎಸಿ ಹಾಕಿದರೆ?"

"ಥಂಡಿಗೆ ಮತ್ತಷ್ಟು ಜಾಸ್ತಿ." ಇಷ್ಟು ಹೇಳಿ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾಕ, ಇಷ್ಟ್ಯಾಕ ಕೇಳಾಕತ್ತೀರಿ?"

"ಕೇಳದೆ ಬಿಡುದಾ ಮಾರಾಯ್ತಿ? ನಾನು ಸುಮ್ಮನೆ ಕೂರುವವನಲ್ಲ. ಎಲ್ಲಿ ತೋರಿಸಬೇಕೋ ಅಲ್ಲಿ ತೋರಿಸ್ತೇನೆ."

ಅವಳ ಮುಖ ಒಂದು ಕ್ಷಣ ಅರಳಿತು. ಆ ರಾತ್ರಿ ನನಗೆ ಶೇಂಗಾ ಚಟ್ನಿಯ ಮೇಲೆ ಒಂದು ಚಮಚ ಹೆಚ್ಚು ಎಣ್ಣೆ ಬಿದ್ದಿತು. ಕಾರಣ ಆಗ ಹೊಳೆಯಲಿಲ್ಲ.

ಈ ಲಕ್ಷಣಗಳನ್ನು ಯಾವ ಆಟೋ ಇಲೆಕ್ಟ್ರಿಶಿಯನ್ನಿಗೆ ಹೇಳಿದರೂ ಅವನ ಕಣ್ಣು ಹೊಳೆಯುತ್ತಿತ್ತು. ಯಾರಾದರೂ ಕುಳಿತಾಗ ಬರುತ್ತದೆ ಎಂದರೆ ಸೀಟಿನ ಕೆಳಗಿನ ವೈರು. ಗುಂಡಿಗೆ ಬಿದ್ದಾಗ ಚಳಕ್ ಎಂದರೆ ಲೂಸ್ ಕಾಂಟ್ಯಾಕ್ಟ್. ಎಸಿಗೆ ಹೆಚ್ಚಾಗುತ್ತದೆ ಎಂದರೆ ಲೋಡು. ಇಷ್ಟು ಒಪ್ಪವಾಗಿ ಕಾಯಿಲೆ ಹೇಳುವ ಗಿರಾಕಿ ಸಿಗುವುದು ಅಪರೂಪ ಎಂದು ಡೊಂಬಿವಲಿಯವನು ನನ್ನ ಬೆನ್ನು ತಟ್ಟಿ ಹಾರ್ನಿನ ರಿಲೇ ಬದಲಿಸಿದ. ಠಾಣೆಯ ಹಳೆ ನಾಕಾದವನು ಎಡಗಡೆ ಸೀಟನ್ನೇ ಕಿತ್ತು ಹೊರಗಿಟ್ಟ. ಆ ಸೀಟು ಫುಟ್‌ಪಾತಿನ ಮೇಲೆ ಕುಳಿತಿದ್ದಾಗ ಯಾರೋ ಮುದುಕರು ಬಂದು ಅದರ ಮೇಲೆ ಆರಾಮವಾಗಿ ಪೇಪರು ಓದಿದರು. ಕಲ್ಯಾಣದವನು ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನೇ ಬಿಚ್ಚಿದ.

ತಮಾಷೆ ಎಂದರೆ ಎಲ್ಲರಿಗೂ ಸದ್ದು ಕೇಳಿಸುತ್ತಿತ್ತು! ನಾನು "ಘೂಂ ಘೂಂ" ಎಂದು ಹಿಂದಿಯಲ್ಲಿ ಹೇಳಿದವನಿಗೆ ಘೂಂ ಎಂದೇ ಕೇಳಿಸಿತು. ಮರಾಠಿಯವನಿಗೆ "ಗುಣಗುಣ" ಎಂದೆ, ಅವನಿಗೆ ಅದೇ ಕೇಳಿಸಿತು. ಕಲ್ಯಾಣದವನ ಹತ್ತಿರ ಹೋಗುವಷ್ಟರಲ್ಲಿ ನನಗೂ ಕೇಳಿಸತೊಡಗಿತ್ತು. ಎಡಗಡೆ, ಕಾಲಿಡುವ ಜಾಗದ ಹಿಂದೆ, ಸಣ್ಣಗೆ, ದುಂಬಿಯೊಂದು ಬಿದಿರಿನೊಳಗೆ ಸಿಕ್ಕಿಕೊಂಡ ಹಾಗೆ. ಸ್ಟೆತಾಸ್ಕೋಪ್ ಸಿಕ್ಕಿದ ಮೇಲಂತೂ ಭಾನುವಾರ ಮಧ್ಯಾಹ್ನವಿಡೀ ಸೊಸೈಟಿಯ ಪಾರ್ಕಿಂಗಿನಲ್ಲಿ ಗಾಡಿಯ ಒಂದೊಂದೇ ಅಂಗಕ್ಕೆ ಸರಳು ತಾಗಿಸಿ ಕೂರುತ್ತಿದ್ದೆ. ವಾಚ್‌ಮನ್ ಬಂದು, "ಸಾಬ್, ಬಚೇಗಾ ಕ್ಯಾ?" ಬದುಕೀತೇ, ಎಂದು ಗಂಭೀರವಾಗಿ ಕೇಳಿದ.

ಮಗಳು ಮಯೂರಿ ಒಂದು ಸಲ ನನ್ನ ಪಕ್ಕ ಎಡಗಡೆ ಸೀಟಿನಲ್ಲಿ ಕುಳಿತು ಕಿವಿಗೊಟ್ಟಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆದರೆ ಬಾಯಿ ತೆರೆದರೆ ಬರುವುದು ಮರಾಠಿ. "ಪಪ್ಪಾ, ಮಲಾ ಕಾಹೀಚ್ ಐಕೂ ಯೇತ್ ನಾಹೀ," ನನಗೇನೂ ಕೇಳಿಸುತ್ತಿಲ್ಲ, ಎಂದಳು. ಇಯರ್‌ಫೋನು ಹಾಕಿ ಹಾಕಿ ನಿನ್ನ ಕಿವಿ ಹಾಳಾಗಿದೆ ಎಂದೆ. "ಮಮ್ಮೀಲಾ ನೀಟ್ ವಿಚಾರ್ ನಾ," ಅಮ್ಮನನ್ನು ಸರಿಯಾಗಿ ಕೇಳಿ ನೋಡಿ, ಎಂದು ಹೇಳಿ, ಆಫೀಸಿನ ಫೋನು ಬಂದದ್ದರಿಂದ ಎದ್ದುಹೋದಳು. ಸರಿಯಾಗಿ ಕೇಳುವುದು ಎಂದರೇನು? ದಿನಾ ಅದನ್ನೇ ಕೇಳುತ್ತಿದ್ದೆ. "ಜುಂ ಹೇಗುಂಟು?" "ಹಂಗ ಐತಿ." ಇದು ನಮ್ಮ ಮನೆಯ ಬೆಳಗಿನ ಸುಪ್ರಭಾತವಾಗಿತ್ತು.

ಎರಡು ಕನ್ನಡಗಳ ಸಂಸಾರದಲ್ಲಿ ಇಂಥ ಎಡವಟ್ಟುಗಳು ಹೊಸತಲ್ಲ. ಮದುವೆಯಾದ ಹೊಸತರಲ್ಲಿ ನನ್ನದೊಂದು ಹಳೆಯ, ಕಾಲರ್ ಹರಿದ ಅಂಗಿಯನ್ನು ಗಿರಿಜಾ ನನ್ನ ಕೈಗೆ ಕೊಟ್ಟು, "ಇದನ್ನ ಒಗದ ಬಿಡ್ರಿ" ಎಂದಳು. ಹೊಸ ಹೆಂಡತಿ, ಹೇಳಿದ ಮೊದಲ ಕೆಲಸ. ನಾನು ನಿಷ್ಠೆಯಿಂದ ಸೋಪು ಹಾಕಿ ಒಗೆದು, ಹಿಂಡಿ, ಒಣಗಲು ಹಾಕಿದೆ. ಮರುದಿನ ಅದನ್ನು ಹಗ್ಗದ ಮೇಲೆ ನೋಡಿ ಮತ್ತೆ ಕೊಟ್ಟಳು, "ಒಗೀರಿ ಅಂದ್ನಲ್ಲ?" ಮತ್ತೆ ಒಗೆದೆ. ಈ ಸಲ ನೀಲಿಯನ್ನೂ ಹಾಕಿದೆ. ಮೂರನೆಯ ಸಲ ಅವಳು ಅಳುವ ದನಿಯಲ್ಲಿ, "ಆ ಅರಿಬಿ ಮ್ಯಾಲ ನಿಮಗಷ್ಟು ಜೀವಿದ್ರ ಇಟಗೋರಿ" ಎಂದಾಗ ಗೊತ್ತಾಯಿತು, ಅವಳ ಕಡೆ ಒಗೆ ಎಂದರೆ ಎಸೆ ಎಂದೂ ಅರ್ಥ. ನಮ್ಮ ಕಡೆ ಬಿಸಾಡುವುದಕ್ಕೆ ಬಿಸಾಡು ಎನ್ನುತ್ತೇವೆ. ಎರಡೂ ಕಡೆಯ ಹಿರಿಯರು ನಮ್ಮ ಜಾತಕ ನೋಡಿದ್ದರು, "ಇಬ್ಬರೂ ಕನ್ನಡದವರೇ ಅಲ್ಲವಾ" ಎಂದು ಸಮಾಧಾನಪಟ್ಟಿದ್ದರು. ಯಾವ ಕನ್ನಡ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಇಷ್ಟು ವರ್ಷದಲ್ಲಿ ಅವಳ ಕನ್ನಡ ನನಗೆ ನೀರು ಕುಡಿದಷ್ಟು ಸಲೀಸಾಗಿದೆ ಎಂದು ನಾನು ನಂಬಿಕೊಂಡಿದ್ದೆ.

ಈ ನಡುವೆ ಗಿರಿಜಾ ಮಾತು ಕಡಿಮೆ ಮಾಡಿದಳು. ಮಜ್ಜಿಗೆಯ ಲೋಟವನ್ನು ಮೇಜಿನ ಮೇಲೆ ಇಡುವಾಗ ಕುಟ್ಟಿ ಇಡುತ್ತಿದ್ದಳು. ಟಿವಿಯಲ್ಲಿ ಧಾರಾವಾಹಿಯನ್ನು ನಿಂತೇ ನೋಡುತ್ತಿದ್ದಳು. ಊಟವನ್ನೂ ಅಡುಗೆ ಕಟ್ಟೆಯ ಪಕ್ಕ ನಿಂತು ಮುಗಿಸುತ್ತಿದ್ದಳು. ಲೋಕಲ್ ಟ್ರೇನಿನಲ್ಲಿ ನಿಂತು ನಿಂತು ಅದೇ ಚಟವಾಗಿರಬೇಕು ಎಂದುಕೊಂಡೆ. "ಕೂತ್ಕೊಂಡು ಉಣ್ಣಬಾರದಾ?" ಎಂದರೆ, "ನೀವು ಗಾಡೀದ ಚಿಂತಿ ಮಾಡ್ರಿ" ಎಂದಳು. ಮಾಡುತ್ತಲೇ ಇದ್ದೆನಲ್ಲ!

ಕೊನೆಗೆ ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರು ತುರ್ಭೆಯ ಮ್ಹಾತ್ರೆ ಎಂಬವನ ಹೆಸರು ಹೇಳಿದರು. ಹೊರದೇಶದ ಗಾಡಿಗಳ ವೈರಿಂಗ್ ಮಾತ್ರ ನೋಡುವವನು. ಮ್ಹಾತ್ರೆ ಉಳಿದವರ ಹಾಗಲ್ಲ. ಎಲ್ಲ ಕೇಳಿ, ಗಾಡಿಯನ್ನು ಒಂದು ದಿನ ಇರಿಸಿಕೊಂಡು, ಬ್ಯಾಟರಿಯ ತಂತಿಯನ್ನೇ ಕಳಚಿ ನನ್ನನ್ನು ಒಳಗೆ ಕೂರಿಸಿದ. "ಆತಾ ಐಕಾ," ಈಗ ಕೇಳಿ ಎಂದ. ಕೇಳಿದೆ. ಈಗಲೂ ಕೇಳಿಸುತ್ತಿತ್ತು! ಕರೆಂಟೇ ಇಲ್ಲದ ಗಾಡಿಯಲ್ಲಿ ಕರೆಂಟಿನ ಸದ್ದು. ಮ್ಹಾತ್ರೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಮೊದಲು ಕೇಳಿಸಿದ್ದು ಯಾರಿಗೆ?" ಎಂದು ಹಿಂದಿಯಲ್ಲಿ ಕೇಳಿದ. ಹೆಂಡತಿಗೆ ಎಂದೆ. "ಹಾಗಾದರೆ ಅವರನ್ನೇ ಕರೆತನ್ನಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಲಿ."

ಗಾಡಿಯನ್ನು ಅವನಲ್ಲೇ ಬಿಟ್ಟು, ಮನೆಗೆ ಬಂದು ಗಿರಿಜಾಗೆ ಹೇಳಿದೆ. ಆ ಮಾತನ್ನು ಈಗ ನೆನೆದರೆ ನನ್ನ ಬಾಯಿಯನ್ನು ನಾನೇ ಹೊಲಿದುಕೊಳ್ಳಬೇಕು ಅನ್ನಿಸುತ್ತದೆ. "ನೋಡು, ತುರ್ಭೆಯಲ್ಲಿ ಒಬ್ಬ ಒಳ್ಳೆ ಸ್ಪೆಷಲಿಸ್ಟ್ ಸಿಕ್ಕಿದ್ದಾನೆ. ನೀನೇ ಬಂದು ಎಲ್ಲಿ ಜುಂ ಅಂತದೆ ಅಂತ ತೋರಿಸಬೇಕಂತೆ. ನಾಳೆ ಸಂಜೆಗೆ ಹೇಳಿದ್ದೇನೆ."

ಗಿರಿಜಾ ನನ್ನನ್ನೇ ನೋಡಿದಳು. ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಹೆಂಗಸಿಗೆ ಗಾಡಿಯ ಮೇಲೆ ಇಷ್ಟು ಪ್ರೀತಿಯೇ ಎಂದು ನನಗೆ ಆಶ್ಚರ್ಯವಾಯಿತು, ಖುಷಿಯೂ ಆಯಿತು.

ಮರುದಿನ ನಾನು ಕೆಲಸ ಮುಗಿಸಿ ಠಾಣೆಯಿಂದ ನೇರ ತುರ್ಭೆಗೆ ಹೋದೆ. ಗಿರಿಜಾ ಡೊಂಬಿವಲಿಯಿಂದ ಲೇಡೀಸ್ ಡಬ್ಬಿಯಲ್ಲಿ ಬಂದು, ಠಾಣೆಯಲ್ಲಿ ಟ್ರೇನು ಬದಲಿಸಿ, ತುರ್ಭೆಯ ಇಂಡಿಕೇಟರಿನ ಕೆಳಗೆ ಸಿಕ್ಕಳು. ಅದೇ ಇಳಕಲ್ ಸೀರೆ. ತಲೆಗೆ ಅಬ್ಬಲಿಗೆ. ಕೈಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಚೀಲ. ಗ್ಯಾರೇಜಿನ ಬಾಗಿಲಿಗೆ ಬಂದದ್ದೇ ನಿಂತುಬಿಟ್ಟಳು. ಮೇಲೆ ನೋಡಿದಳು, ಆಚೀಚೆ ಬೋರ್ಡುಗಳನ್ನು ಓದಿದಳು.

"ಡಾಕ್ಟರು ಎಲ್ಲಿದಾರ್ರೀ?"

"ಯಾವ ಡಾಕ್ಟರು?"

ಚೀಲದಿಂದ ಅವಳು ಹೊರಗೆ ತೆಗೆದದ್ದು ಎಕ್ಸ್‌ರೇ. ಹಿಂದೊಮ್ಮೆ ಬಚ್ಚಲಲ್ಲಿ ಜಾರಿಬಿದ್ದಾಗ ತೆಗೆಸಿದ ಅವಳ ಸೊಂಟದ ಎಕ್ಸ್‌ರೇ. ಇಬ್ಬರೂ ಅದನ್ನು ನೋಡುತ್ತ ನಿಂತೆವು. ನನಗೆ ಇನ್ನೂ ತಿಳಿದಿರಲಿಲ್ಲ, ನಂಬಿ. ಎಕ್ಸ್‌ರೇಗೂ ಆಲ್ಟರ್ನೇಟರಿಗೂ ಏನು ಸಂಬಂಧ ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಮ್ಹಾತ್ರೆ ಕೈ ಒರೆಸಿಕೊಳ್ಳುತ್ತ ಬಂದು ಮರ್ಯಾದೆಯಿಂದ, "ವಹಿನಿ, ಆವಾಜ್ ಕುಠೂನ್ ಯೇತೋ?" ಎಂದು ಕೇಳಿದ. ಅತ್ತಿಗೆ, ಸದ್ದು ಎಲ್ಲಿಂದ ಬರುತ್ತದೆ?

"ಆವಾಜ್? ಕಸಲಾ ಆವಾಜ್?" ಗಿರಿಜಾ ನನ್ನನ್ನೂ ಅವನನ್ನೂ ನೋಡಿದಳು. "ಆವಾಜ್ ನಾಹೀ ಹೋ ದಾದಾ. ಪಾಯಾಲಾ ಮುಂಗ್ಯಾ ಯೇತಾತ್." ಎಡಗಡೆ ಸೊಂಟದಿಂದ ಹಿಮ್ಮಡಿಯವರೆಗೆ ಬೆರಳೆಳೆದು ತೋರಿಸಿದಳು.

ಮರಾಠಿಯಲ್ಲಿ ಮುಂಗ್ಯಾ ಎಂದರೆ ಇರುವೆಗಳು. ಕಾಲಿಗೆ ಇರುವೆ ಬರುತ್ತವೆ ಎಂದರೆ ಕಾಲು ಜೋಮು ಹಿಡಿಯುವುದು. ಮ್ಹಾತ್ರೆಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ನನಗೂ ಅರ್ಥವಾಯಿತು. ಅವಳ ಕನ್ನಡದಲ್ಲಿ ಅಲ್ಲ, ಮರಾಠಿಯಲ್ಲಿ. ಕಾಲು ಜುಂ ಅನ್ನುವುದು! ಮೈ ಜುಮ್ಮೆಂದಿತು ಎಂದು ಕಥೆ ಪುಸ್ತಕಗಳಲ್ಲಿ ನಾನೇ ಎಷ್ಟು ಸಲ ಓದಿಲ್ಲ? ಅವಳು ರಸ್ತೆಯ ಮಧ್ಯೆ ನನ್ನ ಮೊಣಕೈ ಹಿಡಿದು ನೋವು ಎಂದು ಹೇಳಿದ್ದಳು. ನಾನು ಹಾರ್ನಿನ ರಿಲೇ ಬದಲಿಸಿದ್ದೆ.

ಮ್ಹಾತ್ರೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕುರ್ಚಿ ತಂದಿಟ್ಟ. ಗಿರಿಜಾ ಬೇಡ ಎಂದಳು. ಆಮೇಲೆ ಅವಳು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದಳು, "ಅಂದ್ರ ನೀವು ದಿನಾ ಕೇಳ್ತಿದ್ದದ್ದು ಗಾಡೀದನ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮೇಲೆ ಸಿಟ್ಟು ಬಂತು. ಅವಳು ಬೆಳಗ್ಗೆ ಎದ್ದು ಹೂ ಮುಡಿದದ್ದು, ಗಂಡ ಕೊನೆಗೂ ತನ್ನ ಕಾಲಿಗೆ ಡಾಕ್ಟರನ್ನು ಹುಡುಕಿದ ಎಂಬ ಸಂತೋಷಕ್ಕೆ. "ಹೌದು" ಎಂದೆ. ಅವಳು ಎಕ್ಸ್‌ರೇಯನ್ನು ಮತ್ತೆ ಚೀಲದೊಳಗೆ ಹಾಕಿ ಮಡಚಿದಳು. ತುಂಬ ನಿಧಾನವಾಗಿ ಮಡಚಿದಳು.

ಎಲುಬಿನ ಡಾಕ್ಟರರೊಬ್ಬರು ಹಿಂದಿನ ರಸ್ತೆಯಲ್ಲೇ ಇದ್ದಾರೆ ಎಂದು ಮ್ಹಾತ್ರೆ ದಾರಿ ತೋರಿಸಿದ. ನಡೆದೇ ಹೋದೆವು. ಡಾಕ್ಟರು ಅವಳ ಕಾಲು ಎತ್ತಿಸಿ, ಇಳಿಸಿ, ಬೆನ್ನಿನ ಕೆಳಗೆ ನರ ಒತ್ತಿಕೊಂಡಿದೆ ಎಂದರು. ವ್ಯಾಯಾಮ ಮಾಡಿದರೆ ವಾಸಿಯಾಗುತ್ತದೆ, ಆದರೆ ತಗ್ಗಿನಲ್ಲಿ ಕೂರಲೇಬಾರದು ಎಂದರು. ಆಮೇಲೆ ನನ್ನ ಕಡೆ ನೋಡಿ, ಇಷ್ಟು ದಿನ ಯಾಕೆ ತಡ ಮಾಡಿದಿರಿ ಎಂದು ಗದರಿದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ತನ್ನ ಹಿಂದಿಯಲ್ಲಿ ಉತ್ತರ ಕೊಟ್ಟಳು: "ಇನ್ಹೋಂನೆ ಸಬ್ ಜಗಾ ದಿಖಾಯಾ ಡಾಕ್ಟರ್‌ಸಾಬ್. ಠಾಣಾ, ಕಲ್ಯಾಣ್, ಸಬ್. ಕಿಸೀಕೋ ಸಮಝಾ ನಹೀ." ಎಲ್ಲ ಕಡೆ ತೋರಿಸಿದ್ದಾರೆ, ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಪಾಪ, ಕಲ್ಯಾಣದಲ್ಲಿ ಯಾವ ಡಾಕ್ಟರು ಎಂದು ಕೇಳಿದರು. ಗಿರಿಜಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೋ ಎಂದು ಹೆದರಿ ಬಗ್ಗಿ ನೋಡಿದೆ, ನಗುತ್ತಿದ್ದಳು.

ಒಂದು ಸಂಗತಿ ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಹಾಗಾದರೆ ಬ್ಯಾಟರಿ ಕಳಚಿದ ಗಾಡಿಯಲ್ಲಿ ನನಗೆ ಕೇಳಿಸಿದ್ದು ಏನು? ಕಲ್ಯಾಣದವನಿಗೆ, ಠಾಣೆಯವನಿಗೆ ಕೇಳಿಸಿದ್ದು ಏನು? ಇಲ್ಲದ ಸದ್ದನ್ನು ಅಷ್ಟು ಜನ ಕೇಳಿದೆವು, ಇದ್ದ ಮಾತನ್ನು ಒಬ್ಬನೂ ಕೇಳಲಿಲ್ಲ. ಕಿವಿಯ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಮಯೂರಿ ಹೇಳುತ್ತಾಳೆ. ಯಾವ ಭಾಷೆಯಲ್ಲಿ ಹೇಳುವುದು ಎಂದು ಹೆದರಿ ಹೋಗಿಲ್ಲ.

ಡಾಕ್ಟರಲ್ಲಿಂದ ಹೊರಗೆ ಬಂದಾಗ ಸಂಜೆಯಾಗಿತ್ತು. ಪಾಮ್ ಬೀಚ್ ರಸ್ತೆ ಅಲ್ಲಿಗೆ ಕೂಗಳತೆಯ ದೂರ. ಗಾಡಿ ಮ್ಹಾತ್ರೆಯ ಬಾಗಿಲಲ್ಲಿ ಅರಿಶಿನದ ಮುದ್ದೆಯ ಹಾಗೆ ನಿಂತಿತ್ತು. ಇನ್ನು ಆ ಎಡಗಡೆ ಸೀಟಿನಲ್ಲಿ ಅವಳು ಎಂದೂ ಕೂರುವುದಿಲ್ಲ ಎಂಬುದು ಆಗ ನನಗೆ ಸರಿಯಾಗಿ ನಾಟಿತು. "ನೀನು ಲೇಡೀಸ್ ಡಬ್ಬಿಯಲ್ಲಿ ಹೋಗು. ನಾನು ಗಾಡಿ ತಕೊಂಡು ಬರ್ತೇನೆ" ಎಂದೆ.

"ಗಾಡಿ ಇಲ್ಲೇ ಇರಲಿ" ಎಂದಳು ಗಿರಿಜಾ. "ನಡೀರಿ."

ಪ್ಲಾಟ್‌ಫಾರ್ಮಿನಲ್ಲಿ ಲೇಡೀಸ್ ಡಬ್ಬಿ ಬರುವ ಜಾಗಕ್ಕೆ ಅವಳು ಹೋಗಲಿಲ್ಲ. ನಾನು ನಿಂತಲ್ಲೇ ನಿಂತಳು. ಇದು ಗಂಡಸರ ರಶ್ಶು, ನೀನು ಆ ಕಡೆ ಹೋಗು ಎಂದೆ. ಕೇಳಿಸದವಳಂತೆ ಎಕ್ಸ್‌ರೇ ಚೀಲವನ್ನು ಎದೆಗವಚಿಕೊಂಡಳು. ಟ್ರೇನು ಬಂತು, ನೂಕಿಸಿಕೊಂಡು ಇಬ್ಬರೂ ಒಳಗೆ ಬಂದೆವು. ಘನ್ಸೋಲಿಯಲ್ಲಿ ಇನ್ನಷ್ಟು ಜನ ನುಗ್ಗಿದರು. ಅವಳ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತು. ಅಲ್ಲಾಡಲೂ ಜಾಗವಿರಲಿಲ್ಲ. ಅವಳು ಮಾತಿಗೆ ಶುರುಮಾಡಿದಳು. ಅಷ್ಟು ದಿನ ತಡೆಹಿಡಿದದ್ದೆಲ್ಲ, ಪಕ್ಕದ ಮನೆಯವರ ನಲ್ಲಿ ಸೋರುವುದು, ಮಯೂರಿಗೆ ಬಂದ ಸಂಬಂಧ, ನನ್ನ ದಡ್ಡತನ, ಎಲ್ಲವೂ ಒಂದರ ಹಿಂದೊಂದು ಬಂತು. ನಾನು ಅವಳ ಬಾಯಿಯನ್ನೇ ನೋಡುತ್ತ, ಒಂದು ಶಬ್ದವೂ ತಪ್ಪದ ಹಾಗೆ ಕೇಳುತ್ತಿದ್ದೆ.

ಐರೋಲಿಯಲ್ಲಿ ಒಬ್ಬರು ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟರು.

"ಬ್ಯಾಡ್ರಿ" ಎಂದಳು ಗಿರಿಜಾ, ಅವರಿಗೆ ತಿಳಿಯದ ಕನ್ನಡದಲ್ಲೇ. "ನಾವಿಬ್ರೂ ಬಾಜೂಕ ನಿಂತು ಹೊಂಟೀವಿ."